ಪಡುವಣದ ಇಳಿಹೊತ್ತು ಮತ್ತು ಬಾಳಿನ ಅರ್ಥಾನ್ವೇಷಣೆ

ಒಂದು ನಾಗರಿಕತೆ ಏರುಗತಿಯಲ್ಲಿರುವಾಗ ಅದರೊಳಗೆ ಹುಟ್ಟಿ ಬೆಳೆದ ಮನುಷ್ಯನು ಬಾಳಿನ ಅರ್ಥವೇನೆಂದು ಸಾಮಾನ್ಯವಾಗಿ ಕೇಳಹೋಗುವುದಿಲ್ಲ. ಮನೆತನದ ಆಚಾರ, ಊರಿನ ಕಟ್ಟುಪಾಡು, ಗುರುಹಿರಿಯರ ಮಾತು, ದೇವರ ಮೇಲಣ ನಂಬಿಕೆ, ನಾಳೆಯು ಇಂದಿಗಿಂತ ಒಳ್ಳಿತಾಗುವುದೆಂಬ ಭರವಸೆ ಇವೆಲ್ಲ ಕೂಡಿ ಆ ಪ್ರಶ್ನೆ ಏಳುವ ಮೊದಲೇ ಅದಕ್ಕೆ ಉತ್ತರವನ್ನು ಕೊಟ್ಟಿರುತ್ತವೆ. ಈ ಕಂಬಗಳು ಒಂದೊಂದಾಗಿ ಸಡಿಲಿದಾಗ ಪ್ರಶ್ನೆಯು ತಾನಾಗಿಯೇ ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಇಪ್ಪತ್ತನೆಯ ಶತಮಾನದ ಯೂರೋಪಿನಲ್ಲಿ ನಡೆದುದು ಇದೇ. ಆ ಖಂಡದ ವಿಚಾರವಂತರು ತಮ್ಮ ನಾಗರಿಕತೆಯ ಇಳಿಗಾಲವನ್ನು ಹೇಗೆ ಕಂಡರು, ಅದರ ನಡುವೆಯೇ ಬಾಳಿಗೊಂದು ಅರ್ಥವನ್ನು ಹೇಗೆ ಅರಸಿದರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಭರವಸೆಯ ಶತಮಾನ

ಹತ್ತೊಂಬತ್ತನೆಯ ಶತಮಾನದ ಯೂರೋಪು ಪ್ರಗತಿಯನ್ನು ಹೆಚ್ಚುಕಡಿಮೆ ಒಂದು ಮತಧರ್ಮದಂತೆ ನಂಬಿತ್ತು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜು ಮತ್ತು ಕಬ್ಬಿಣದಿಂದ ನಿರ್ಮಿಸಿದ ಸ್ಫಟಿಕಸೌಧದಲ್ಲಿ ಯಂತ್ರೋಪಕರಣಗಳ ಮಹಾಪ್ರದರ್ಶನ ನಡೆದಾಗ ಅದನ್ನು ನೋಡಲು ಜನ ಜಾತ್ರೆಗೆ ನೆರೆವಂತೆ ನೆರೆದರು. 1885ರಲ್ಲಿ ಲೂಯಿ ಪಾಸ್ತರನು ಹುಚ್ಚುನಾಯಿಯ ಕಡಿತಕ್ಕೆ ಲಸಿಕೆಯನ್ನು ಪ್ರಯೋಗಿಸಿ ಗೆದ್ದನು. 1889ರಲ್ಲಿ ಪ್ಯಾರಿಸ್ಸಿನಲ್ಲಿ ಐಫೆಲ್ ಗೋಪುರ ತಲೆಯೆತ್ತಿತು. ರೋಗ, ಬಡತನ, ಅಜ್ಞಾನ, ಯುದ್ಧ ಇವೆಲ್ಲ ವಿಜ್ಞಾನದ ಬೆಳಕಿನಲ್ಲಿ ಕ್ರಮೇಣ ಮಾಯವಾಗುವ ಕತ್ತಲೆಗಳೆಂದು ಸುಶಿಕ್ಷಿತರು ಭಾವಿಸಿದ್ದರು. ಈ ವೈಭವಕ್ಕೆ ಏಷ್ಯಾ ಮತ್ತು ಆಫ್ರಿಕಾಗಳ ಜನ ತೆತ್ತ ಬೆಲೆಯನ್ನು ಮಾತ್ರ ಅಲ್ಲಿ ಬಹಳ ಮಂದಿ ಲೆಕ್ಕಕ್ಕೆ ಹಿಡಿಯಲಿಲ್ಲ.

ಕಟ್ಟಡ ಮೇಲಕ್ಕೆ ಏರುತ್ತಿದ್ದಾಗಲೇ ತಳಹದಿಯ ಬಿರುಕನ್ನು ಕಂಡವರೂ ಇದ್ದರು. 1882ರಲ್ಲಿ ಜರ್ಮನ್ ದಾರ್ಶನಿಕ ಫ್ರೆಡ್ರಿಕ್ ನೀಚೆಯು ಹಾಡುಹಗಲಿನಲ್ಲಿ ಲಾಂದ್ರ ಹಿಡಿದು ಸಂತೆಯಲ್ಲಿ ದೇವರನ್ನು ಹುಡುಕುವ ಹುಚ್ಚನೊಬ್ಬನ ಪ್ರಸಂಗವನ್ನು ಬರೆದನು. ಅದನ್ನು ಕೇವಲ ನಾಸ್ತಿಕವಾದವೆಂದು ತಳ್ಳಿಹಾಕುವವರು ಅದರ ತಿರುಳನ್ನು ಕಾಣಲಾರರು. ದೇವರ ಮೇಲಣ ನಂಬಿಕೆಯನ್ನು ಬಿಟ್ಟ ಜನ ಆ ನಂಬಿಕೆಯ ಮೇಲೆ ನಿಂತಿದ್ದ ನೀತಿ, ಕರುಣೆ, ಸತ್ಯನಿಷ್ಠೆಗಳು ಮಾತ್ರ ಮೊದಲಿನಂತೆಯೇ ಉಳಿಯುವುವೆಂದು ಬಗೆದು ನೆಮ್ಮದಿಯಿಂದಿದ್ದಾರೆ. ಬೇರು ಕಡಿದ ಮರದ ಎಲೆ ಎಷ್ಟು ದಿನ ಹಸಿರಾಗಿದ್ದೀತು ಎಂಬುದು ನೀಚೆಯ ಆತಂಕವಾಗಿತ್ತು.

ಇದೇ ಸಮಸ್ಯೆಯನ್ನು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರನು 1917ರ ನವೆಂಬರಿನಲ್ಲಿ ಮ್ಯೂನಿಕ್ ನಗರದ ವಿದ್ಯಾರ್ಥಿಗಳ ಮುಂದೆ ಇನ್ನೊಂದು ಬಗೆಯಲ್ಲಿ ಇಟ್ಟನು. ಆಧುನಿಕ ಬುದ್ಧಿಯು ಎಲ್ಲವನ್ನೂ ಲೆಕ್ಕಕ್ಕೆ ಒಳಪಡಿಸಬಲ್ಲದು. ಅದರಿಂದಾಗಿ ಪ್ರಪಂಚವು ತನ್ನ ಹಳೆಯ ವಿಸ್ಮಯವನ್ನು ಕಳೆದುಕೊಂಡಿದೆ. ವೈದ್ಯಶಾಸ್ತ್ರವು ಜೀವವನ್ನು ಉಳಿಸುವ ಉಪಾಯವನ್ನು ತಿಳಿಸುತ್ತದೆ. ಆ ಜೀವ ಉಳಿದು ಏನನ್ನು ಮಾಡಬೇಕು, ಅದು ಏತಕ್ಕಾಗಿ ಬದುಕಬೇಕು ಎಂಬುದನ್ನು ತಿಳಿಸುವುದಿಲ್ಲ. ಹೇಗೆ ಬಾಳಬೇಕೆಂಬ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರವಿಲ್ಲವೆಂದು ವೇಬರನು ಟಾಲ್‌ಸ್ಟಾಯಿಯ ಮಾತನ್ನು ಆಧರಿಸಿ ಒಪ್ಪಿಕೊಂಡನು. ಅಧ್ಯಾಪಕನು ಪೀಠದ ಮೇಲೆ ನಿಂತು ಪ್ರವಾದಿಯ ವೇಷ ತೊಡಬಾರದೆಂಬ ಎಚ್ಚರವನ್ನೂ ಆತ ಕೊಟ್ಟನು.

ಈ ಉಪನ್ಯಾಸ ನಡೆದಾಗ ಮೊದಲನೆಯ ಮಹಾಯುದ್ಧ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಿತ್ತು. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ನದಿಯ ಬಳಿ ಒಂದೇ ದಿನದಲ್ಲಿ 19,000ಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಮಡಿದಿದ್ದರು. ಯುದ್ಧ ಮುಗಿಯುವ ವೇಳೆಗೆ ಎಲ್ಲ ಪಕ್ಷಗಳಿಂದ ಸುಮಾರು 90 ಲಕ್ಷ ಸೈನಿಕರು ಸತ್ತಿದ್ದರು. ಸ್ಫಟಿಕಸೌಧವನ್ನು ಕಟ್ಟಿದ ಜಾಣ್ಮೆಯೇ ಯಂತ್ರದ ಬಂದೂಕನ್ನೂ ವಿಷಾನಿಲವನ್ನೂ ಕೊಟ್ಟಿತ್ತು. 1919ರಲ್ಲಿ ಫ್ರೆಂಚ್ ಕವಿ ಪಾಲ್ ವಲೇರಿಯು ನಾಗರಿಕತೆಗಳಿಗೂ ಮರಣವುಂಟೆಂಬ ಅರಿವು ಯೂರೋಪಿಗೆ ಈಗ ಉಂಟಾಯಿತೆಂಬ ಅಭಿಪ್ರಾಯವನ್ನು ಪ್ರಕಟಿಸಿದನು.

ಸ್ಪೆಂಗ್ಲರನ ಋತುಚಕ್ರ

ಇಂಥ ಸನ್ನಿವೇಶದಲ್ಲಿ, 1918ರಲ್ಲಿ, ಓಸ್ವಾಲ್ಡ್ ಸ್ಪೆಂಗ್ಲರನ ‘ಪಶ್ಚಿಮದ ಅವನತಿ’ ಎಂಬ ಗ್ರಂಥದ ಮೊದಲ ಸಂಪುಟ ಹೊರಬಂದಿತು. ಎರಡನೆಯದು 1922ರಲ್ಲಿ ಬಂದಿತು. ಗ್ರಂಥಕರ್ತನು ವಿಶ್ವವಿದ್ಯಾಲಯದ ಪ್ರಾಧ್ಯಾಪಕನಲ್ಲ. ಹ್ಯಾಂಬರ್ಗಿನ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದು, 1911ರಲ್ಲಿ ಆ ವೃತ್ತಿಯನ್ನು ಬಿಟ್ಟು ಮ್ಯೂನಿಕ್ಕಿನಲ್ಲಿ ನೆಲಸಿದ ಏಕಾಂತವಾಸಿ. ಗ್ರಂಥದ ಜರ್ಮನ್ ಹೆಸರಿನಲ್ಲಿ ಪಶ್ಚಿಮ ದೇಶಕ್ಕೆ ಬಳಸಿರುವ ಪದದ ಅಕ್ಷರಾರ್ಥ ‘ಸಂಜೆಯ ನಾಡು’ ಎಂದು. ಅವನತಿಗೆ ಬಳಸಿರುವ ಪದವು ಸೂರ್ಯಾಸ್ತಕ್ಕೂ ಸಲ್ಲುತ್ತದೆ. ಕನ್ನಡದ ‘ಪಡುವಣ’ ಎಂಬ ಮಾತಿನಲ್ಲಿಯೂ ಹೊತ್ತು ಪಡುವ, ಎಂದರೆ ಮುಳುಗುವ, ದಿಕ್ಕೆಂಬ ಅರ್ಥವೇ ಅಡಗಿರುವುದನ್ನು ಇಲ್ಲಿ ನೆನೆಯಬಹುದು.

ಸ್ಪೆಂಗ್ಲರನ ಪ್ರಕಾರ ಮಾನವಕುಲದ ಇತಿಹಾಸವು ಒಂದೇ ನೇರವಾದ ಹೆದ್ದಾರಿಯಲ್ಲ. ಈಜಿಪ್ಟ್, ಬ್ಯಾಬಿಲೋನಿಯ, ಭಾರತ, ಚೀನ, ಗ್ರೀಕ್-ರೋಮನ್, ಅರಬ್ಬೀ, ಮೆಕ್ಸಿಕೋ ಹಾಗೂ ಪಶ್ಚಿಮ ಯೂರೋಪು ಎಂಬ ಎಂಟು ಮಹಾಸಂಸ್ಕೃತಿಗಳು ಒಂದೊಂದೂ ಒಂದು ಗಿಡದಂತೆ ತನ್ನ ನೆಲದಲ್ಲಿ ಮೊಳೆತು, ಹೂಬಿಟ್ಟು, ಬಾಡುತ್ತವೆ. ಸುಮಾರು ಒಂದು ಸಾವಿರ ವರ್ಷಗಳ ಈ ಆಯುಷ್ಯದಲ್ಲಿ ವಸಂತ, ಗ್ರೀಷ್ಮ, ಶರತ್ತು, ಶಿಶಿರಗಳಿವೆ. ಸೃಷ್ಟಿಶಕ್ತಿ ತುಂಬಿರುವ ಘಟ್ಟವು ಸಂಸ್ಕೃತಿ. ಅದು ಬತ್ತಿ ಗಟ್ಟಿಯಾದ ಚಿಪ್ಪು ನಾಗರಿಕತೆ. ಹಳ್ಳಿಗಳನ್ನು ಹೀರಿ ಉಬ್ಬುವ ಮಹಾನಗರ, ಎಲ್ಲವನ್ನೂ ಅಳೆಯುವ ಹಣ, ಜನಾಭಿಪ್ರಾಯವನ್ನು ತಯಾರಿಸುವ ಪತ್ರಿಕೆ, ಕಡೆಗೆ ಬರುವ ಸರ್ವಾಧಿಕಾರ, ಇವು ಶಿಶಿರದ ಗುರುತುಗಳು. ಪಶ್ಚಿಮವು ಆ ಋತುವನ್ನು ಪ್ರವೇಶಿಸಿದೆ ಎಂಬುದು ಆತನ ನಿರ್ಣಯ.

ಹಾಗಾದರೆ ಶಿಶಿರದಲ್ಲಿ ಹುಟ್ಟಿದವನು ಮಾಡಬೇಕಾದುದೇನು? ಸ್ಪೆಂಗ್ಲರನ ಉತ್ತರ ಕಠೋರವಾದುದು. ಕಾವ್ಯದ ಬದಲು ಯಂತ್ರವಿದ್ಯೆಯನ್ನೂ ಚಿತ್ರಕಲೆಯ ಬದಲು ನೌಕಾಯಾನವನ್ನೂ ಆರಿಸಿಕೊಳ್ಳಲು ಆತ ತರುಣರಿಗೆ ಹೇಳಿದನು. 1931ರ ಕೃತಿಯೊಂದರಲ್ಲಿ, ಪಾಂಪೆ ನಗರದ ಮೇಲೆ ಜ್ವಾಲಾಮುಖಿ ಸುರಿದಾಗ ಕಾವಲಿನ ಸ್ಥಳವನ್ನು ಬಿಡದೆ ಸತ್ತ ರೋಮನ್ ಸೈನಿಕನನ್ನು ಆದರ್ಶವಾಗಿ ತೋರಿಸಿದನು. ಈ ಚಿತ್ರದಲ್ಲಿ ಒಂದು ಗಾಂಭೀರ್ಯವಿದೆಯೆಂಬುದನ್ನು ಅಲ್ಲಗಳೆಯಲಾಗದು. ಆದರೆ ಆ ಸೈನಿಕನು ಯಾರನ್ನು ಕಾಯುತ್ತಿದ್ದನು, ಅವನ ನಿಲುವಿನಿಂದ ಯಾರಿಗೆ ಹಿತವಾಯಿತು ಎಂಬುದಕ್ಕೆ ಅಲ್ಲಿ ಎಡೆಯೇ ಇಲ್ಲ. ಸ್ಪೆಂಗ್ಲರನಲ್ಲಿ ಧೈರ್ಯವುಂಟು, ನೆರೆಯವನಿಲ್ಲ. ಆತ ಹಿಟ್ಲರನ ಪಕ್ಷವನ್ನು ಮೆಚ್ಚಲಿಲ್ಲವೆಂಬುದೂ, 1936ರಲ್ಲಿ ತೀರಿಕೊಳ್ಳುವಾಗ ಆಳುವವರ ಅವಕೃಪೆಗೆ ಪಾತ್ರನಾಗಿದ್ದನೆಂಬುದೂ ನಿಜ. ಆದರೂ ಪ್ರಜಾಪ್ರಭುತ್ವವನ್ನು ಹಳಿದು ಸರ್ವಾಧಿಕಾರವನ್ನು ವಿಧಿಯೆಂದು ಸಾರಿದ ಆತನ ಬರವಣಿಗೆ ಆ ಕಾಲದ ಮನಸ್ಸುಗಳನ್ನು ಸೋಲಿಗೆ ಹದಗೊಳಿಸಿತೆಂದು ವಿಮರ್ಶಕರು ಹೇಳಿರುವುದು ನಿರಾಧಾರವಲ್ಲ.

ವಿಧಿಯಲ್ಲ, ಉತ್ತರ

ಇತಿಹಾಸವನ್ನು ಇಷ್ಟೇ ವಿಶಾಲವಾಗಿ ನೋಡಿ ಬೇರೆಯ ತೀರ್ಮಾನಕ್ಕೆ ಬಂದವನು ಇಂಗ್ಲೆಂಡಿನ ಆರ್ನಾಲ್ಡ್ ಟಾಯ್ನ್‌ಬಿ. 1914ರಲ್ಲಿ ಯುದ್ಧ ಆರಂಭವಾದಾಗ ಆತ ಆಕ್ಸ್‌ಫರ್ಡಿನಲ್ಲಿ ಗ್ರೀಕ್ ಇತಿಹಾಸಕಾರ ಥುಸಿಡಿಡೀಸನನ್ನು ಬೋಧಿಸುತ್ತಿದ್ದನು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಅಥೆನ್ಸ್-ಸ್ಪಾರ್ಟಗಳ ಅಂತಃಕಲಹವು ತನ್ನ ಕಾಲದ ಕಥೆಯೇ ಆಗಿದೆಯೆಂಬ ಅರಿವು ಅವನಿಗೆ ಥಟ್ಟನೆ ಹೊಳೆಯಿತು. 1934ರಿಂದ 1961ರ ವರೆಗೆ 12 ಸಂಪುಟಗಳಲ್ಲಿ ಪ್ರಕಟವಾದ ‘ಇತಿಹಾಸದ ಅಧ್ಯಯನ’ಕ್ಕೆ ಈ ಅರಿವೇ ಬೀಜ. ನಾಗರಿಕತೆಗಳು ಬೆಳೆಯುವುದು ಸವಾಲು ಮತ್ತು ಉತ್ತರಗಳ ಮೂಲಕ. ಅವು ಕುಸಿಯುವುದು ಹೊರಗಿನವರ ಪೆಟ್ಟಿನಿಂದಲ್ಲ, ಮುಂದಾಳುಗಳಾದ ಸೃಜನಶೀಲ ಅಲ್ಪಸಂಖ್ಯಾತರು ಸೃಷ್ಟಿಶಕ್ತಿಯನ್ನು ಕಳೆದುಕೊಂಡು ಬರಿಯ ಬಲದಿಂದ ಆಳತೊಡಗಿದಾಗ ಎಂದು ಆತ ವಾದಿಸಿದನು. ಕುಸಿತಕ್ಕೆ ಕಾರಣ ಋತುವಲ್ಲ, ಮನುಷ್ಯರ ನಡತೆ. ಆದುದರಿಂದ ಪಶ್ಚಿಮದ ಭವಿಷ್ಯವೂ ಮೊದಲೇ ಬರೆದಿಟ್ಟ ಜಾತಕವಲ್ಲ.

ಆಲ್ಬರ್ಟ್ ಶ್ವೈಟ್ಸರನು ಇದನ್ನೇ ಇನ್ನಷ್ಟು ನೇರವಾಗಿ ಹೇಳಿದನು. ದೇವತಾಶಾಸ್ತ್ರಜ್ಞನೂ ಸಂಗೀತಜ್ಞನೂ ಆಗಿದ್ದ ಆತ ವೈದ್ಯವಿದ್ಯೆಯನ್ನು ಕಲಿತು 1913ರಲ್ಲಿ ಮಧ್ಯ ಆಫ್ರಿಕಾದ ಲಾಂಬರೀನೆಗೆ ಹೋಗಿ ಆಸ್ಪತ್ರೆ ತೆರೆದನು. ಅದು ಫ್ರೆಂಚರ ವಸಾಹತು, ಆತ ಜರ್ಮನ್ ಪ್ರಜೆ. ಯುದ್ಧ ಆರಂಭವಾದೊಡನೆ ಅವನನ್ನು ಪಹರೆಯಲ್ಲಿಟ್ಟರು. ಆ ಬಿಡುವಿನಲ್ಲಿಯೇ ನಾಗರಿಕತೆಯ ಪತನವನ್ನು ಕುರಿತು ಬರೆಯತೊಡಗಿದನು. 1915ರ ಸೆಪ್ಟೆಂಬರಿನಲ್ಲಿ ಓಗೋವೆ ನದಿಯಲ್ಲಿ ದೋಣಿಯ ಮೇಲೆ ಸಾಗುತ್ತಿದ್ದಾಗ, ಸೂರ್ಯ ಮುಳುಗುವ ಹೊತ್ತಿನಲ್ಲಿ, ನೀರಾನೆಗಳ ಹಿಂಡಿನ ನಡುವೆ, ‘ಜೀವಗೌರವ’ವೆಂಬ ಸೂತ್ರ ಅವನಿಗೆ ಗೋಚರಿಸಿತು. ಭೌತಿಕ ಸಾಧನೆಯು ನೀತಿಯ ಸಾಧನೆಯನ್ನು ಹಿಂದಿಕ್ಕಿ ಓಡಿದುದೇ ಪಶ್ಚಿಮದ ರೋಗ. ಬದುಕಬಯಸುವ ಪ್ರತಿಯೊಂದು ಜೀವವನ್ನೂ ತನ್ನಂತೆ ಬಗೆಯುವುದೇ ಚಿಕಿತ್ಸೆ. 1923ರಲ್ಲಿ ಪ್ರಕಟವಾದ ಅವನ ಎರಡು ಸಂಪುಟಗಳ ಸಾರವಿದು. 1924ರಲ್ಲಿ ಆತ ಲಾಂಬರೀನೆಗೆ ಮರಳಿ, ಹಾಳುಬಿದ್ದಿದ್ದ ಆಸ್ಪತ್ರೆಯನ್ನು ಮತ್ತೆ ಎತ್ತಿ ನಿಲ್ಲಿಸಿದನು.

ವಿಯೆನ್ನಾದ ಇಬ್ಬರು

ಸಿದ್ಧಾಂತಗಳು ಎಷ್ಟೇ ದೊಡ್ಡವಾದರೂ ಅವುಗಳ ನಿಜವಾದ ಪರೀಕ್ಷೆ ನಡೆಯುವುದು ಒಬ್ಬೊಬ್ಬ ಮನುಷ್ಯನ ಬಾಳಿನಲ್ಲಿ. ಈ ದೃಷ್ಟಿಯಿಂದ ವಿಯೆನ್ನಾ ನಗರದ ಇಬ್ಬರ ಜೀವನ ಅಭ್ಯಾಸಯೋಗ್ಯವಾಗಿದೆ. ಮೊದಲನೆಯವನು 1881ರಲ್ಲಿ ಜನಿಸಿದ ಸ್ಟೀಫನ್ ಜ್ವೈಗ್. ಆತ ಯೂರೋಪಿನ ಅತ್ಯಂತ ಜನಪ್ರಿಯ ಲೇಖಕರಲ್ಲಿ ಒಬ್ಬ. ಭಾಷೆ ದೇಶಗಳ ಗಡಿಯಿಲ್ಲದ ಒಂದು ಯೂರೋಪನ್ನು ನಂಬಿದವನು. ಯೆಹೂದಿ ಕುಲದವನೆಂಬ ಕಾರಣಕ್ಕೆ 1933ರಲ್ಲಿ ಅವನ ಪುಸ್ತಕಗಳನ್ನು ಜರ್ಮನಿಯಲ್ಲಿ ಸುಟ್ಟರು. 1934ರಲ್ಲಿ ಆತ ಆಸ್ಟ್ರಿಯವನ್ನು ಬಿಟ್ಟು ಹೊರಟನು. ದೇಶದಿಂದ ದೇಶಕ್ಕೆ ಅಲೆದು ಕಡೆಗೆ ಬ್ರೆಜಿಲ್ ಸೇರಿ, ಕಳೆದುಹೋದ ತನ್ನ ಲೋಕದ ನೆನಪುಗಳನ್ನು ಆತ್ಮಕಥೆಯಾಗಿ ಬರೆದನು. 1942ರ ಫೆಬ್ರುವರಿಯಲ್ಲಿ ಆತನೂ ಪತ್ನಿಯೂ ತಮ್ಮ ಕೈಯಾರೆ ಬಾಳನ್ನು ಮುಗಿಸಿಕೊಂಡರು. ಅವನನ್ನು ದುರ್ಬಲನೆಂದು ತೀರ್ಪಿಡುವ ಅಧಿಕಾರ ಯಾರಿಗೂ ಇಲ್ಲ. ಆತನು ತನ್ನ ಬಾಳಿನ ಅರ್ಥವನ್ನೆಲ್ಲ ಒಂದು ಸಂಸ್ಕೃತಿಯ ಮಡಿಲಲ್ಲಿ ಇರಿಸಿದ್ದನು. ಆ ಮಡಿಲೇ ಹರಿದಾಗ ಕೈಯಲ್ಲಿ ಏನೂ ಉಳಿಯಲಿಲ್ಲ.

ಎರಡನೆಯವನು 1905ರಲ್ಲಿ ಜನಿಸಿದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್, ಅವನೂ ಯೆಹೂದಿಯೇ. 1938ರ ಮಾರ್ಚಿನಲ್ಲಿ ಹಿಟ್ಲರನು ಆಸ್ಟ್ರಿಯವನ್ನು ನುಂಗಿದ ಮೇಲೆ ಅಮೆರಿಕಕ್ಕೆ ಹೋಗುವ ಅನುಮತಿ ಫ್ರಾಂಕ್ಲ್‌ಗೆ ದೊರೆಯಿತು. ಆದರೆ ಮುದಿ ತಂದೆತಾಯಿಗಳನ್ನು ಬಿಟ್ಟು ಹೋಗುವುದು ಹೇಗೆ? ತೊಳಲಾಟದಲ್ಲಿದ್ದಾಗ ಮನೆಯಲ್ಲಿ ಒಂದು ಅಮೃತಶಿಲೆಯ ಚೂರನ್ನು ಕಂಡನು. ನಾಜಿಗಳು ಕೆಡವಿದ ಪ್ರಾರ್ಥನಾಮಂದಿರದಿಂದ ತಂದೆ ಎತ್ತಿ ತಂದಿದ್ದ ಚೂರು ಅದು; ತಂದೆತಾಯಿಗಳನ್ನು ಗೌರವಿಸಬೇಕೆಂಬ ಧರ್ಮಾಜ್ಞೆಯ ಅಕ್ಷರವೊಂದು ಅದರ ಮೇಲೆ ಉಳಿದಿತ್ತು. ಆತ ಅಲ್ಲಿಯೇ ಉಳಿದನು. ಜ್ವೈಗ್ ತೀರಿಕೊಂಡ ವರ್ಷವೇ, 1942ರ ಸೆಪ್ಟೆಂಬರಿನಲ್ಲಿ, ಫ್ರಾಂಕ್ಲ್‌ನನ್ನು ಪತ್ನಿ ಮತ್ತು ತಂದೆತಾಯಿಗಳೊಡನೆ ಥೆರೇಸಿಯನ್‌ಸ್ಟಾಟ್ ಬಂದೀಶಿಬಿರಕ್ಕೆ ಸಾಗಿಸಿದರು. ತಂದೆ ಅಲ್ಲಿಯೇ ಮಗನ ಆರೈಕೆಯಲ್ಲಿ ಕಣ್ಣುಮುಚ್ಚಿದನು. 1944ರ ಅಕ್ಟೋಬರಿನಲ್ಲಿ ಫ್ರಾಂಕ್ಲ್‌ನನ್ನು ಆಷ್‌ವಿಟ್ಸ್‌ಗೂ ಅಲ್ಲಿಂದ ಬವೇರಿಯದ ಶಿಬಿರಗಳಿಗೂ ಒಯ್ದರು. ಹಲವು ವರ್ಷಗಳ ಶ್ರಮದ ಹಸ್ತಪ್ರತಿಯನ್ನು ಆಷ್‌ವಿಟ್ಸ್‌ನ ಬಾಗಿಲಲ್ಲಿ ಕಿತ್ತುಕೊಂಡರು. 1945ರ ಏಪ್ರಿಲ್ 27ರಂದು ಅಮೆರಿಕದ ಸೈನಿಕರು ಬಿಡುಗಡೆ ಮಾಡಿದಾಗ ಆತ ಬದುಕಿದ್ದನು. ತಾಯಿ, ಸಹೋದರ, ಪತ್ನಿ ಯಾರೂ ಉಳಿದಿರಲಿಲ್ಲ.

ಬಾಳು ಕೇಳುವ ಪ್ರಶ್ನೆ

ಫ್ರಾಂಕ್ಲ್ ಒಂಬತ್ತು ದಿನಗಳಲ್ಲಿ ಹೇಳಿ ಬರೆಸಿ 1946ರಲ್ಲಿ ಪ್ರಕಟಿಸಿದ ಸಣ್ಣ ಪುಸ್ತಕವೊಂದು ಮುಂದೆ ‘ಅರ್ಥಕ್ಕಾಗಿ ಮಾನವನ ಹುಡುಕಾಟ’ ಎಂಬರ್ಥದ ಇಂಗ್ಲಿಷ್ ಹೆಸರಿನಿಂದ ಜಗತ್ತಿಗೆಲ್ಲ ಪರಿಚಿತವಾಯಿತು. ಅದರ ತಿರುಳು ಪ್ರಶ್ನೆಯನ್ನು ತಿರುವುಮುರುವು ಮಾಡುವುದರಲ್ಲಿದೆ. ಬಾಳಿನಿಂದ ತನಗೇನು ದೊರೆಯುವುದೆಂದು ಮನುಷ್ಯ ಕೇಳುತ್ತಾನೆ. ವಸ್ತುತಃ ಪ್ರಶ್ನೆ ಕೇಳುವುದು ಬಾಳು, ಉತ್ತರ ಕೊಡಬೇಕಾದವನು ಮನುಷ್ಯ. ಆ ಉತ್ತರವು ಮಾತಿನಲ್ಲಿಲ್ಲ, ಹೊಣೆಯನ್ನು ಹೊರುವುದರಲ್ಲಿದೆ. ಶಿಬಿರದಲ್ಲಿ ಇಬ್ಬರು ಬಂದಿಗಳು ಬಾಳಿನಿಂದ ಇನ್ನು ನಿರೀಕ್ಷಿಸಬೇಕಾದುದೇನೂ ಇಲ್ಲವೆಂದು ಸಾಯಲು ಹೊರಟಿದ್ದರು. ನಿಮ್ಮಿಂದ ಏನನ್ನಾದರೂ ನಿರೀಕ್ಷಿಸುತ್ತಿರುವವರು ಯಾರಾದರೂ ಇದ್ದಾರೆಯೇ ಎಂಬುದನ್ನು ಕಂಡುಕೊಳ್ಳಲು ಫ್ರಾಂಕ್ಲ್ ಅವರಿಗೆ ನೆರವಾದನು. ಒಬ್ಬನಿಗೆ ಪರದೇಶದಲ್ಲಿ ಕಾದಿದ್ದ ಮಗುವಿತ್ತು. ಇನ್ನೊಬ್ಬ ವಿಜ್ಞಾನಿ, ಅವನ ಗ್ರಂಥಮಾಲೆ ಅರ್ಧಕ್ಕೆ ನಿಂತಿತ್ತು. ಆ ಮಗುವಿಗೆ ಬೇರೊಬ್ಬ ತಂದೆಯಿಲ್ಲ. ಆ ಗ್ರಂಥಗಳನ್ನು ಮುಗಿಸಲು ಬೇರೊಬ್ಬನಿಂದ ಸಾಧ್ಯವಿಲ್ಲ.

ಅರ್ಥವನ್ನು ಕಾಣುವ ಮೂರು ದಾರಿಗಳನ್ನು ಆತ ಗುರುತಿಸಿದನು. ಮೊದಲನೆಯದು ಒಂದು ಕೆಲಸವನ್ನು ಕೈಗೊಂಡು ಪೂರೈಸುವುದು. ಎರಡನೆಯದು ಒಳ್ಳೆಯದನ್ನು, ಸುಂದರವಾದುದನ್ನು ಅನುಭವಿಸುವುದು. ಅದಕ್ಕೂ ಮಿಗಿಲಾಗಿ ಇನ್ನೊಬ್ಬರನ್ನು ಪ್ರೀತಿಸುವುದು. ಈ ಎರಡೂ ಮುಚ್ಚಿಹೋದಾಗ ಮೂರನೆಯದೊಂದು ಉಳಿಯುತ್ತದೆ: ತಪ್ಪಿಸಲಾಗದ ಸಂಕಟವನ್ನು ಯಾವ ಮನೋಭಾವದಿಂದ ಎದುರಿಸಬೇಕೆಂಬ ಆಯ್ಕೆ. ಗುಡಿಸಲಿನಿಂದ ಗುಡಿಸಲಿಗೆ ನಡೆದು ಇತರರನ್ನು ಸಂತೈಸಿದ, ತಮ್ಮ ಕೊನೆಯ ರೊಟ್ಟಿಯ ಚೂರನ್ನು ಹಂಚಿದ ಬಂದಿಗಳನ್ನು ಆತ ಕಂಡಿದ್ದನು. ಅವರು ಸಂಖ್ಯೆಯಲ್ಲಿ ಕೆಲವರೇ. ಆದರೆ ಆ ಆಯ್ಕೆ ಇದೆಯೆಂಬುದಕ್ಕೆ ಕೆಲವರೇ ಸಾಕು.

ಸ್ಪೆಂಗ್ಲರನ ಸೈನಿಕನಿಗೂ ಈ ಬಂದಿಗಳಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಇಬ್ಬರೂ ಕುಸಿಯುತ್ತಿರುವ ಲೋಕದಲ್ಲಿ ಅಚಲರಾಗಿ ನಿಂತವರು. ಸೈನಿಕನು ನಿಂತುದು ವಿಧಿಗೆ ಎದುರಾಗಿ, ಒಂಟಿಯಾಗಿ. ಬಂದಿಯು ನಿಂತುದು ಪಕ್ಕದವನ ಕಡೆಗೆ ಮುಖ ಮಾಡಿ. ರೊಟ್ಟಿಯ ಚೂರು ಹಂಚಿಕೆಯಾದ ಆ ಕ್ಷಣದಲ್ಲಿ ನಾಗರಿಕತೆಯ ಆಯುಷ್ಯವೆಷ್ಟೆಂಬ ಪ್ರಶ್ನೆಗೆ ಎಡೆಯಿರಲಿಲ್ಲ. ನಾಗರಿಕತೆಯು ಅಲ್ಲಿ, ಆ ಕೈಯಲ್ಲಿ, ಜೀವಂತವಾಗಿತ್ತು.

ಆಕ್ಷೇಪಗಳು

ಈ ವಿಚಾರಕ್ಕೆ ಆಕ್ಷೇಪಗಳಿಲ್ಲದಿಲ್ಲ. ಸಂಕಟದಲ್ಲಿಯೂ ಅರ್ಥವುಂಟೆಂದರೆ ಸಂಕಟವನ್ನೇ ಹೊಗಳಿದಂತಾಗದೆ, ಅನ್ಯಾಯ ಮಾಡುವವರಿಗೆ ಅನುಕೂಲವಾಗದೆ ಎಂಬುದು ಮೊದಲನೆಯದು. ನಿವಾರಿಸಬಹುದಾದ ಸಂಕಟವನ್ನು ನಿವಾರಿಸುವುದೇ ಅರ್ಥಪೂರ್ಣವಾದ ಕಾರ್ಯ, ಅದನ್ನು ಸುಮ್ಮನೆ ಸಹಿಸುವುದು ವೀರತನವಲ್ಲವೆಂದು ಫ್ರಾಂಕ್ಲ್ ತಾನೇ ಎಚ್ಚರಿಸಿದ್ದಾನೆ. ಬದುಕುಳಿದವರೆಲ್ಲ ಅರ್ಥವನ್ನು ಕಂಡವರು, ಸತ್ತವರು ಕಾಣದವರು ಎಂಬ ತಪ್ಪು ತಿಳಿವಳಿಕೆ ಹುಟ್ಟಬಹುದೆಂಬುದು ಎರಡನೆಯದು. ಉಳಿದುದು ಬಹುಮಟ್ಟಿಗೆ ಆಕಸ್ಮಿಕವೆಂದೂ, ತಮ್ಮಲ್ಲಿ ಅತ್ಯುತ್ತಮರಾದವರು ಹಿಂತಿರುಗಲಿಲ್ಲವೆಂದೂ ಆತ ಒಪ್ಪಿಕೊಂಡಿದ್ದಾನೆ.

ಮೂರನೆಯ ಆಕ್ಷೇಪ ಪಶ್ಚಿಮವನ್ನೇ ಕುರಿತದ್ದು. ಶಿಶಿರಕ್ಕೆ ಕಾಲಿಟ್ಟಿದೆಯೆಂದ ಆ ಖಂಡವು 1945ರ ಬೂದಿಯಿಂದ ಎದ್ದು ನಿಂತಿತಲ್ಲ? 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು; 1951ರಲ್ಲಿ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿಗಳು, ನಿನ್ನೆಯ ವೈರಿಗಳು, ಇತರ ನಾಲ್ಕು ದೇಶಗಳೊಡನೆ ಕಲ್ಲಿದ್ದಲು ಮತ್ತು ಉಕ್ಕನ್ನು ಸಮಾನ ಆಡಳಿತಕ್ಕೆ ಒಪ್ಪಿಸುವ ಒಪ್ಪಂದಕ್ಕೆ ಸಹಿಹಾಕಿದವು. ಇದು ಸ್ಪೆಂಗ್ಲರನ ಜಾತಕದಲ್ಲಿ ಇರಲಿಲ್ಲ. ಆದರೆ ಹೊಟ್ಟೆ ತುಂಬಿದ ಆ ದಶಕಗಳಲ್ಲಿಯೇ ಫ್ರಾಂಕ್ಲ್ ತನ್ನ ರೋಗಿಗಳಲ್ಲಿ ‘ಅಸ್ತಿತ್ವದ ಶೂನ್ಯ’ವೆಂದು ಹೆಸರಿಟ್ಟ ವ್ಯಾಧಿಯನ್ನು ಹೆಚ್ಚಾಗಿ ಕಂಡನು. ವಾರವಿಡೀ ದುಡಿದು ಭಾನುವಾರ ಬಿಡುವಾದೊಡನೆ ಒಳಗಿನ ಬರಿದುತನ ಕಾಣಿಸಿಕೊಂಡು ಕಂಗೆಡುವವರು ಅನೇಕರಿದ್ದರು. ಕಟ್ಟಡ ಮತ್ತೆ ಎದ್ದಿತು. ವೇಬರನ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. ಫ್ರಾಂಕ್ಲ್ ವಿಯೆನ್ನಾದಲ್ಲಿಯೇ ವೈದ್ಯವೃತ್ತಿಯನ್ನು ಮುಂದುವರಿಸಿ 1997ರಲ್ಲಿ, 92ನೆಯ ವಯಸ್ಸಿನಲ್ಲಿ, ತೀರಿಕೊಂಡನು.

ವಿದ್ಯಾಲಯಕ್ಕೆ ಸಂಬಂಧಿಸಿದ ಮಾತು

ಪಶ್ಚಿಮದ ಅವನತಿಯ ಚರ್ಚೆಯನ್ನು ಓದುವ ಭಾರತೀಯ ಓದುಗನಿಗೆ ಒಂದು ಸುಲಭದ ಸಮಾಧಾನ ಕೈಗೆಟಕುವಂತಿರುತ್ತದೆ: ಅಲ್ಲಿ ಬರಿಯ ಭೌತಿಕತೆ, ಇಲ್ಲಿ ಅಧ್ಯಾತ್ಮ, ಅಲ್ಲಿ ಹೊತ್ತು ಮುಳುಗಿದರೆ ಇಲ್ಲಿ ತಾನಾಗಿಯೇ ಹೊತ್ತು ಮೂಡುವುದು ಎಂಬ ಸಮಾಧಾನ. ಇದು ಸರಿಯಲ್ಲ. ಮಹಾನಗರದ ಒಂಟಿತನ, ಹಣದ ಅಳತೆಗೋಲು, ಅಂಕಪಟ್ಟಿಯ ಭಯ ಇವು ಈಗ ಯಾವ ದಿಕ್ಕಿನ ಸ್ವತ್ತೂ ಅಲ್ಲ. ಶರಣ ಪರಂಪರೆಯ ಓದುಗರಿಗಂತೂ ಈ ಪಾಠ ಹೊಸದಾಗಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಕೋಲಾಹಲಕ್ಕೆ ಸಿಕ್ಕಿ ಒಡೆದಾಗ ಶರಣರು ಅರಮನೆಯ ಐಶ್ವರ್ಯವನ್ನಲ್ಲ, ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂದು ಪರಂಪರೆ ಹೇಳುತ್ತದೆ. ಪಟ್ಟಣ ಬಿದ್ದಿತು, ಕಾಯಕ ದಾಸೋಹಗಳ ಅರ್ಥ ಬೀಳಲಿಲ್ಲ. ಏಕೆಂದರೆ ಅದು ಪಟ್ಟಣದ ಗೋಡೆಗಳಲ್ಲಿ ಇರಲಿಲ್ಲ.

ಫ್ರಾಂಕ್ಲ್‌ನ ಜೀವನದ ಒಂದು ಘಟನೆಯನ್ನು ಶಿಕ್ಷಕರು ವಿಶೇಷವಾಗಿ ನೆನಪಿನಲ್ಲಿಡುವುದು ಒಳಿತು. ನಾಜಿಗಳ ಬಂದೀಶಿಬಿರಗಳು ಇನ್ನೂ ಇಲ್ಲದ ಕಾಲದಲ್ಲಿ, 1928ರಿಂದ, ಇನ್ನೂ ವೈದ್ಯವಿದ್ಯಾರ್ಥಿಯಾಗಿದ್ದಾಗಲೇ, ಆತ ಸಂಕಟದಲ್ಲಿರುವ ತರುಣರಿಗಾಗಿ ವಿಯೆನ್ನಾದಲ್ಲಿ ಉಚಿತ ಸಲಹಾಕೇಂದ್ರಗಳನ್ನು ಏರ್ಪಡಿಸಿದನು. ಶಾಲೆಗಳಲ್ಲಿ ಅಂಕಪಟ್ಟಿ ಕೊಡುವ ದಿನಗಳಲ್ಲಿ ಮಕ್ಕಳು ಜೀವ ಕಳೆದುಕೊಳ್ಳುತ್ತಿದ್ದುದನ್ನು ಗಮನಿಸಿ, 1930ರಲ್ಲಿ ಆ ದಿನಗಳಿಗೆಂದೇ ವಿಶೇಷ ವ್ಯವಸ್ಥೆ ಮಾಡಿದನು. ಅಂಥ ಸಾವುಗಳು ಗಣನೀಯವಾಗಿ ಇಳಿದವು. ಮುಂದೆ ಶಿಬಿರದಲ್ಲಿ ಇಬ್ಬರು ಬಂದಿಗಳಿಗೆ ಕೇಳಿದ ಪ್ರಶ್ನೆಯನ್ನು ಆತ ಮೊದಲು ಅಭ್ಯಾಸ ಮಾಡಿದುದು ಶಾಲೆಯ ಮಕ್ಕಳ ನಡುವೆ.

ನಾಗರಿಕತೆಗಳ ಆಯುಷ್ಯವನ್ನು ಅಳೆಯುವುದು ಇತಿಹಾಸಕಾರರ ಕಾರ್ಯ. ಅದರಲ್ಲಿ ಅವರೇ ಒಮ್ಮತಕ್ಕೆ ಬಂದಿಲ್ಲ. ಆದರೆ ಕಡಿಮೆ ಅಂಕ ಪಡೆದು ತಲೆತಗ್ಗಿಸಿ ಕುಳಿತ ಹುಡುಗನ ಬಳಿಗೆ ಹೋಗಿ, ನಿನಗಾಗಿ ಕಾದಿರುವ ಕೆಲಸವೊಂದಿದೆ, ನಿನ್ನನ್ನು ನಂಬಿದ ಜೀವವೊಂದಿದೆ ಎಂದು ಮನಗಾಣಿಸುವುದು ಪ್ರತಿಯೊಬ್ಬ ಗುರುವಿನ ಕೈಯಳತೆಯಲ್ಲಿರುವ ಕಾರ್ಯ. ವಿದ್ಯಾದಾನಕ್ಕೆಂದು ಸ್ಥಾಪಿತವಾದ ಸಂಸ್ಥೆಗಳೂ, ಅವುಗಳಿಗೆ ತನುಮನಧನಗಳಿಂದ ನೆರವಾದ ದಾನಿಗಳೂ, ಅಲ್ಲಿ ಕಲಿತು ಹೊರಬಂದ ಹಳೆಯ ವಿದ್ಯಾರ್ಥಿಗಳೂ ತಮ್ಮ ಸೇವೆಯ ಸಾರ್ಥಕತೆಯನ್ನು ಫಲಿತಾಂಶದ ಶೇಕಡಾ ಪ್ರಮಾಣದಿಂದ ಮಾತ್ರವಲ್ಲದೆ ಈ ಅಳತೆಯಿಂದಲೂ ನೋಡಿಕೊಳ್ಳುವುದು ಉಚಿತ.